ಫಾರಮ್ಮಿನ ಎರಡನೇ ಸಾಲು

ಈ ದೇಶದ ಜನರಿಗೆ ಬಾಯಿಗಿಂತ ಬೀಗ ಜಾಸ್ತಿ ಎಂದು ಲಾಂಡ್ರಿಯವಳು ಊರು ಬಿಟ್ಟು ಬಂದ ಮೊದಲ ವಾರವೇ ತೀರ್ಮಾನಿಸಿದ್ದಳು. ಹೋಟೆಲೊಂದರ ನೆಲಮಾಳಿಗೆಯಲ್ಲಿ ದಿನಕ್ಕೆ ಇನ್ನೂರು ಬೆಡ್‌ಶೀಟು ಇಸ್ತ್ರಿ ಮಾಡಿ ಮಡಿಸುವುದು ಅವಳ ಕೆಲಸ. ಗಂಡ ಲಾರಿ ಡ್ರೈವರು, ಮನೆ ಸೇರುವುದು ವಾರಕ್ಕೊಮ್ಮೆ. ನಾಲ್ಕು ವರ್ಷದ ಮಗಳು ಪುಟ್ಟಿ ಹಗಲೆಲ್ಲ ಶಿಶುವಿಹಾರದಲ್ಲಿ.

ಎದುರು ಮನೆಯ ಮುದುಕಿಯನ್ನೇ ನೋಡಿ. ಎಂಟು ತಿಂಗಳಲ್ಲಿ ಒಂದು ದಿನ "ಊಟ ಆಯ್ತಾ?" ಎಂದವಳಲ್ಲ. ಪುಟ್ಟಿ ಕುಣಿದರೆ ಬಾಗಿಲಿಗೊಂದು ಚೀಟಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೆ ಇನ್ನೊಂದು ಚೀಟಿ. ಲಾಂಡ್ರಿಯವಳು ಅವಳಿಗೆ ಚೀಟಿ ಅಜ್ಜಿ ಎಂದೇ ಹೆಸರಿಟ್ಟಿದ್ದಳು.

"ಬಾಯಿ ಬಿದ್ದೋಗಿದ್ಯಾ ಅವ್ಳಿಗೆ?" ಎಂದು ಗಂಡನಿಗೆ ಫೋನಿನಲ್ಲಿ ಹೇಳುತ್ತಿದ್ದಳು. "ನೋಡ್ತಿರಿ, ಸಾಯೋವಾಗ್ಲೂ ಚೀಟಿ ಅಂಟಿಸೇ ಸಾಯ್ತಾಳೆ!"

ಶಿಶುವಿಹಾರದ ಫಾರಮ್ಮಿನ ಮೇಲೂ ಅವಳಿಗೆ ಅಷ್ಟೇ ತಾತ್ಸಾರ. ತುರ್ತಿಗೆ ಯಾರನ್ನು ಕರೆಯಬೇಕು ಎಂದು ಕೇಳಿ ಎರಡು ಸಾಲು ಖಾಲಿ ಬಿಟ್ಟಿದ್ದರು. ಮಗು ಅತ್ತರೆ ಇಡೀ ಬೀದಿಯೇ ಓಡಿಬರುವ ಊರಿನವಳಿಗೆ ಇದೆಂಥ ಪ್ರಶ್ನೆ! ಮನೆಗೆ ಹಿರಿಯರಿರುವಾಗ ಬೇರೆಯವರ ಹೆಸರು ಮೊದಲು ಬರಬಾರದೆಂದು ಗಂಡನ ಅಣ್ಣನ ಹೆಸರನ್ನು ಊರಿನ ಫೋನ್ ನಂಬರಿನ ಸಮೇತ ಬರೆದಳು. ಎರಡನೇ ಸಾಲಿಗೆ ಗೆರೆ ಎಳೆದಳು. ಭಾವ ಇದ್ದದ್ದು ಸಮುದ್ರದಾಚೆ ಎಂಬುದು ಅವಳಿಗೆ ಒಂದು ತೊಡಕೆನಿಸಲೇ ಇಲ್ಲ.

ಒಂದು ಮಂಗಳವಾರ ಪುಟ್ಟಿಗೆ ಜ್ವರ ಬಂತು. ಅಮ್ಮನ ಫೋನು ಹೋಟೆಲಿನ ಲಾಕರಿನಲ್ಲಿತ್ತು, ಲಾರಿ ಓಡಿಸುತ್ತಿದ್ದ ಅಪ್ಪ ಫೋನೆತ್ತಲಿಲ್ಲ. ಶಿಶುವಿಹಾರದವರು ಫಾರಮ್ಮು ನೋಡಿ ಭಾವನಿಗೆ ಫೋನು ಮಾಡಿ, ಅರ್ಧ ಗಂಟೆಯಲ್ಲಿ ಬಂದು ಮಗುವನ್ನು ಕರೆದೊಯ್ಯಿರಿ ಎಂದರು. ಅವರ ಭಾಷೆ ತಿಳಿಯದ ಭಾವ, ಏನೋ ಮಾರುವವರಿರಬೇಕೆಂದು ಚೆನ್ನಾಗಿ ಉಗಿದು ಫೋನಿಟ್ಟರು.

ಸಂಜೆ ಅವಳು ಹೋದಾಗ ಪುಟ್ಟಿ ಕೋಟು ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು. ನಾಲ್ಕು ಗಂಟೆ ಕಾಲ ಹಾಗೇ ಕಾದಿದ್ದಳಂತೆ.

ಮೇಲ್ವಿಚಾರಕಿ ಹೊಸ ಫಾರಮ್ಮು ಚಾಚಿದಳು. "ಹತ್ತಿರದಲ್ಲಿ ಇರೋರ ಹೆಸರು ಬೇಕು. ನಾಳೆ ಸಂಜೆಯೊಳಗೆ ತಂದುಕೊಡಿ. ಇಲ್ದಿದ್ರೆ ಮಗೂನ ಇಲ್ಲಿ ಇಟ್ಕೊಳ್ಳೋಕಾಗಲ್ಲ."

ಶಿಶುವಿಹಾರ ತಪ್ಪಿದರೆ ಕೆಲಸವೂ ಹೋದಂತೆ. "ಹೆಸರು ಬೇಕಂತೆ ಹೆಸರು! ಮಗೂನ ಒಂದು ಗಳಿಗೆ ತೊಡೆ ಮೇಲೆ ಮಲಗಿಸ್ಕೊಳ್ಳೋ ಗತಿ ಇಲ್ಲ ಇವ್ರಿಗೆ!" ಎಂದು ದಾರಿಯುದ್ದಕ್ಕೂ ಶಾಪ ಹಾಕಿದಳು. ಒಳಗೊಳಗೇ ಸಿಟ್ಟಿದ್ದದ್ದು ತಾನು ಬರೆದ ಆ ಮೊದಲ ಸಾಲಿನ ಮೇಲೆ.

ಮಾರನೆಯ ದಿನ ಜ್ವರ ಇಳಿಯಿತು. ಅವಳು ರಜೆ ಹಾಕಿ ಫಾರಮ್ಮು ಹಿಡಿದು ಕೂತಳು. ಮೊದಲ ಸಾಲಿಗೆ ಹೋಟೆಲಿನ ಆಫೀಸು. ಎರಡನೆಯದಕ್ಕೆ ಪೆನ್ನು ನಿಂತಿತು. ಜೊತೆಯ ಕೆಲಸದವಳಿರುವುದು ರೈಲಿನಲ್ಲಿ ಒಂದು ಗಂಟೆ ದೂರ. ಸುತ್ತಿ ಸುತ್ತಿ ಉಳಿದದ್ದು ಚೀಟಿ ಅಜ್ಜಿ ಒಬ್ಬಳೇ.

"ಕೆಲಸ ಆಗ್ಬೇಕಾದ್ರೆ ಕತ್ತೆ ಕಾಲೂ ಹಿಡೀಬೇಕು," ಎಂದು ಗೊಣಗುತ್ತಾ ಪುಟ್ಟಿಯ ಕೈಹಿಡಿದು ಎದುರು ಬಾಗಿಲು ತಟ್ಟಿದಳು. ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ಬಾಯಿಗೆ ಬಂದಷ್ಟು ಅಲ್ಲಿನ ಭಾಷೆಯಲ್ಲಿ ಅವಳು ವಿಷಯ ಹೇಳಿದಳು.

ಮುದುಕಿ ಸರಪಳಿ ತೆಗೆದಳು. "ಓಹೋ, ಕರೆದ್ರೆ ಹೋಗ್ತೀನಿ. ನಿನ್ನೇನೂ ಇಡೀ ದಿನ ಮನೇಲೇ ಇದ್ದೆ. ಯಾರಾದ್ರೂ ಹೇಳಿದ್ರೆ ಆಗ್ಲೇ ಹೋಗಿ ಕರ್ಕೊಂಡು ಬರ್ತಿದ್ದೆ. ಬರ್ಕೋ ನನ್ನ ಹೆಸರು."

ಲಾಂಡ್ರಿಯವಳು ಫಾರಮ್ಮನ್ನು ಗೋಡೆಗೊತ್ತಿ ಪೆನ್ನೆತ್ತಿದಳು. ಮುದುಕಿಯ ಹೆಸರೇ ಅವಳಿಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಯಿತು.

"ಅಮ್ಮಾ, ಇಲ್ಲೇ ಇದ್ಯಲ್ಲಾ!" ಎಂದು ಪುಟ್ಟಿ ಬಾಗಿಲಿಗೆ ಕೈ ತೋರಿಸಿದಳು.

ಬಾಗಿಲ ನಡುವೆ ಹಿತ್ತಾಳೆಯ ಹೆಸರಿನ ಫಲಕ, ಫಳಫಳ ಹೊಳೆಯುತ್ತಿತ್ತು. ಎಂಟು ತಿಂಗಳು ಆ ಬಾಗಿಲಿಗೆ ಬೈದವಳು ಒಮ್ಮೆಯೂ ಅದನ್ನು ಓದಿರಲಿಲ್ಲ. ಪುಟ್ಟಿ ತುದಿಗಾಲಲ್ಲಿ ನಿಂತು, ಶಿಶುವಿಹಾರದಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳತೊಡಗಿದಳು. ಅಮ್ಮ ತಲೆ ತಗ್ಗಿಸಿ ಬರೆದುಕೊಂಡಳು.