ಹತ್ತಕ್ಕೆ ಆರು ಪಾಯಿಂಟ್ ಎಂಟು

ನನ್ನ ಮಗಳು ರೆಗೆಟಾನ್ ಮಾಡುತ್ತಾಳೆ ಎಂದರೆ ನಮ್ಮ ಕಡೆಯ ಆಂಟಿಯರು ಅದೇನೋ ಹೊಸ ಕೋರ್ಸ್ ಇರಬೇಕೆಂದು ತಲೆಯಾಡಿಸುತ್ತಾರೆ. ಅದು ಸ್ಪ್ಯಾನಿಷ್ ಹಾಡಿನ ಒಂದು ಬಗೆಯ ಕುಣಿತದ ಸಂಗೀತ. ಜರ್ಸಿ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಅವಳೂ ಅವಳ ಹೈಸ್ಕೂಲಿನ ಗೆಳತಿಯೂ ಇದ್ದಾರೆ. ಗೆಳತಿಯ ಅಪ್ಪ ಅಮ್ಮ ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದವರು. ಗೆಳತಿ ಸ್ಪ್ಯಾನಿಷ್‌ನಲ್ಲಿ ಹಾಡುತ್ತಾಳೆ, ರ‍್ಯಾಪ್ ಮಾಡುತ್ತಾಳೆ. ಅದಕ್ಕೆ ಬೀಟ್ ಕೂಡಿಸುವವಳು ನನ್ನ ಮಗಳು. ಇಬ್ಬರೂ ಸೇರಿ ಒಂದು ಆಲ್ಬಮ್ ತಂದರು. ಮೊದಲು ಬಂದ ಸಣ್ಣಪುಟ್ಟ ವಿಮರ್ಶೆಗಳೆಲ್ಲ ಹಾಡಿದವಳನ್ನು ಹೊಗಳಿ, ಬೀಟ್ ವಿಷಯ ಬಂದಾಗ ಮೆತ್ತಗೆ ಜಾರಿಕೊಂಡಿದ್ದವು.

ಬಾಕಿ ಇದ್ದದ್ದು ಎಲ್ಲರೂ ಓದುವ ಒಂದು ವೆಬ್‌ಸೈಟಿನ ವಿಮರ್ಶೆ. ಅವರು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಅದು ಶುಕ್ರವಾರ ಬರುತ್ತದೆಂದು ಗೊತ್ತಾದಾಗ ಮಗಳು ಫೋನ್ ಮಾಡಿದಳು.

"ಅಮ್ಮ, ಫ್ರೈಡೆ ಕಾರ್ ತಗೊಂಡ್ ಬನ್ನಿ. ಎಂಟರ ಕೆಳಗೆ ಬಂದ್ರೆ ಐ ಆ್ಯಮ್ ಡನ್. ಎಲ್ಲಾ ಪ್ಯಾಕ್ ಮಾಡಿ ಮನೆಗೆ ಬಂದ್‌ಬಿಡ್ತೀನಿ."

ಅವಳ ಕೀಬೋರ್ಡು, ಸ್ಪೀಕರು ಹಿಡಿಸಬೇಕೆಂದು ಕಾರಿನ ಹಿಂದಿನ ಸೀಟು ಖಾಲಿ ಮಾಡಿದೆ. ಮನೆಗೆ ಬಂದರೆ ಅರ್ಧಕ್ಕೆ ಬಿಟ್ಟ ಫಾರ್ಮಸಿ ಓದನ್ನು ಮುಗಿಸಿಯಾಳು ಎಂದು ಒಂದು ಮನಸ್ಸು. ಅವಳ ಬಾಡಿದ ಮುಖ ನೋಡಲಾರೆ ಎಂದು ಇನ್ನೊಂದು. ದೇವರ ಮುಂದೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯದೆ ಸುಮ್ಮನೆ ದೀಪ ಹಚ್ಚಿ ಬಂದೆ.

ಗುರುವಾರ ಸಂಜೆ ಮೊಸರು ತೆಗೆಯಲು ಫ್ರಿಜ್ ತೆರೆದರೆ ಹಿಂದುಗಡೆ ಪೇಡಾ ಡಬ್ಬಿ. ನನ್ನ ಯಜಮಾನರು ಧಾರವಾಡದವರು. ಆಫೀಸಿನಿಂದ ಬರುತ್ತ, ಇಂಡಿಯನ್ ಅಂಗಡಿಗಳಿರುವ ಐಸೆಲಿನ್‌ಗೆ ಹೋಗಿ ತಂದು ಬಚ್ಚಿಟ್ಟಿದ್ದರು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ. ರಿಸಲ್ಟ್ ಬರೋವರ್ಗೂ ಕಾಯಕ್ಕಾಗಲ್ವಾ ನಿಮ್ಗೆ?" ಎಂದು ರೇಗಿದೆ.

"ಡಬ್ಬಿ ಮುಚ್ಚೇ ಅದಲ್ಲ," ಎಂದರು.

ಶುಕ್ರವಾರ ನಾವು ಟರ್ನ್‌ಪೈಕ್‌ನಲ್ಲಿ ಹೋಗುತ್ತಿರುವಾಗಲೇ ಅಂಕ ಬಂತು: ಆರು ಪಾಯಿಂಟ್ ಎಂಟು. ಡ್ರೈವ್ ಮಾಡುತ್ತಿದ್ದ ಇವರಿಗೆ ಫೋನಿನಲ್ಲಿದ್ದುದನ್ನು ಓದಿ ಹೇಳಿದೆ. ಹಾಡಿನಲ್ಲಿ ಧೈರ್ಯವಿದೆ, ಬೀಟ್ ಮಾತ್ರ ಪರರ ಮನೆಗೆ ಬಂದ ಅತಿಥಿಯ ಹಾಗೆ ಮುದುಡಿ ಕೂತಿದೆ ಎಂದು ಬರೆದಿದ್ದರು. ಓದಿ ನನಗೆ ಮೈ ಉರಿಯಿತು. ಯಾರ ಮನೆಗೆ ಹೋದರೂ ತೆಪ್ಪಗೆ ಕೂತಿರಬೇಕು, ತಿನ್ನಲು ಏನು ಕೊಟ್ಟರೂ ಮೊದಲು ಬೇಡ ಅನ್ನಬೇಕು ಎಂದೇ ನಮ್ಮ ಮಕ್ಕಳನ್ನು ಬೆಳೆಸುತ್ತೇವೆ. ನಮ್ಮಲ್ಲಿ ಅದಕ್ಕೆ ಮರ್ಯಾದೆ ಅನ್ನುತ್ತಾರೆ.

ಇವರ ಮುಖ ಮಾತ್ರ ಅರಳಿತು. "ಅಂದ್ರ ಅರವತ್ತೆಂಟು. ಫಸ್ಟ್ ಕ್ಲಾಸ್ ಬಂತಲ್ಲ. ಇಂಜಿನಿಯರಿಂಗ್‌ನ್ಯಾಗ ನನಗ ಅರವತ್ತೊಂದು ಬಿದ್ದಾಗ ನಮ್ಮಪ್ಪ ಓಣಿಗೆಲ್ಲಾ ಪೇಡಾ ಹಂಚಿದ್ರು."

"ರೀ, ಇದು ಯೂನಿವರ್ಸಿಟಿ ಅಲ್ಲ. ಅವಳ ಮುಂದೆ ಹೀಗೆಲ್ಲ ಅನ್ಬೇಡಿ," ಎಂದೆ. ಕೇಳಿಸಿಕೊಂಡಂತೆ ಕಾಣಲಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಕೀಬೋರ್ಡಿಗೆ ಬೆಡ್‌ಶೀಟ್ ಸುತ್ತಿ ಬಾಗಿಲ ಬಳಿ ಒರಗಿಸಿಟ್ಟಾಗಿತ್ತು. ಗೆಳತಿ ಸೋಫಾದ ಮೇಲೆ ಮೊಣಕಾಲು ಅಪ್ಪಿ ಕೂತಿದ್ದಳು. ಇಬ್ಬರ ಕಣ್ಣೂ ಕೆಂಪಗಿದ್ದವು. ಇವರು ಡಬ್ಬಿ ತೆರೆದು ಮುಂದೆ ಹಿಡಿದು, "ಫಸ್ಟ್ ಕ್ಲಾಸ್," ಅಂದೇಬಿಟ್ಟರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ.

"ಅಪ್ಪಾ, ಪ್ಲೀಸ್. ಇಟ್ಸ್ ಎ ಬ್ಯಾಡ್ ಸ್ಕೋರ್," ಎಂದು ಮಗಳು ಮುಖ ತಿರುಗಿಸಿದಳು.

ಗೆಳತಿ ದಾಕ್ಷಿಣ್ಯಕ್ಕೆ ಒಂದು ಪೇಡಾ ಕಚ್ಚಿ ಕೆನ್ನೆ ಹಿಡಿದುಕೊಂಡಳು. "ಇಟ್ಸ್ ಸೋ ಕೋಲ್ಡ್," ಎಂದಳು.

ಮಗಳು ತಿರುಗಿ ಡಬ್ಬಿಯ ತಳ ಮುಟ್ಟಿ ನೋಡಿದಳು. "ವೆನ್ ಡಿಡ್ ಯು ಬೈ ದಿಸ್?"

"ಈಗ ಬರೂ ಮುಂದ," ಎಂದರು ಇವರು, ಗೋಡೆ ನೋಡುತ್ತ.

"ನಿನ್ನೆ ತಂದಿದ್ದು. ಫ್ರಿಜ್ಜಲ್ಲಿತ್ತು," ಎಂದೆ ನಾನು.

ಅವಳು ಅಪ್ಪನ ಕಡೆ ತಿರುಗಿದಳು. ಕನ್ನಡದಲ್ಲಿ ಕೇಳಿದಳು, "ನಾಲ್ಕು ಬಂದಿದ್ರೆ?"

"ನಾಕ ಬಂದ್ರ ಪೇಡಾ ಕೆಡತಾವೇನ?"

ಅವಳು ಬೇಡ ಅನ್ನಲಿಲ್ಲ. ಎರಡು ಪೇಡಾ ಒಟ್ಟಿಗೇ ಬಾಯಿಗೆ ತುರುಕಿಕೊಂಡು, ಅಳುತ್ತಲೇ ಅಗಿದಳು. ನಂತರ ಬಾಗಿಲ ಬಳಿ ಹೋಗಿ ಕೀಬೋರ್ಡಿನ ಬೆಡ್‌ಶೀಟ್ ಬಿಚ್ಚತೊಡಗಿದಳು.

ವಾಪಸ್ ಬರುವಾಗ ಹಿಂದಿನ ಸೀಟು ಖಾಲಿಯಿತ್ತು. ಮನೆ ಮುಟ್ಟುವವರೆಗೂ ನಾನು ತಿರುತಿರುಗಿ ಅದನ್ನೇ ನೋಡುತ್ತಿದ್ದೆ.