ಕವುಚಿ ಬಿದ್ದ ಹೆಸರುಗಳನ್ನು ಎತ್ತುವ ಮೇಸ್ತ್ರಿ

ಬೆಳಗಿನ ಆರು ಗಂಟೆ. ಗ್ರೀಸಿನ ಥೆಸಲೋನಿಕಿಯ ಮೇಲೂರಿನಲ್ಲಿ, ಕೋಟೆಗೋಡೆಗೆ ಬೆನ್ನು ಕೊಟ್ಟು ನಿಂತ ಹಳೆಯ ಮನೆಯೊಂದರ ಅಂಗಳದಲ್ಲಿ ಎವಾಂಥಿಯಾ ತ್ಸಾಲಿಕಿ ಮಂಡಿಯೂರಿ ಕೂತಿದ್ದಾರೆ. ಕೊಲ್ಲಿಯ ಮೇಲೆ ಮಂಜು ಇನ್ನೂ ಚದುರಿಲ್ಲ. ಕೆಳಗಿನ ಬೀದಿಯಿಂದ ಎಳ್ಳು ಮೆತ್ತಿದ ಬಿಸಿ ಕುಲೂರಿ ರೊಟ್ಟಿಯ ವಾಸನೆ ಮೇಲೇರಿ ಬರುತ್ತಿದೆ. ಸುತ್ತಿಗೆಯನ್ನು ತಿರುವಿ ಹಿಡಿದು, ಅದರ ಮರದ ಹಿಡಿಯಿಂದ ಅಮೃತಶಿಲೆಯ ಹಾಸನ್ನು ಅವರು ಒಂದೊಂದು ಗೇಣಿಗೂ ಬಡಿದು ಕಿವಿಗೊಡುತ್ತಾರೆ. ಸದ್ದು ಟೊಳ್ಳಾದ ಕಡೆ ಹಾರೆಯ ತುದಿ ತೂರಿಸುತ್ತಾರೆ. ಇಪ್ಪತ್ತು ವರ್ಷದಿಂದ ಜೊತೆಗಿರುವ ಅಲ್ಬೇನಿಯಾದ ಕೆಲಸಗಾರ ಅಗ್ರೋನ್ ಇನ್ನೊಂದು ಬದಿಗೆ ಮರದ ತುಂಡು ಕೊಡುತ್ತಾನೆ. ಕಲ್ಲು ಮೆಲ್ಲಗೆ ಮಗ್ಗುಲಾಗುತ್ತದೆ.

ಅಡಿಭಾಗಕ್ಕೆ ನೀರು ಸುರಿದು, ಬಟ್ಟೆ ತಿಕ್ಕುವ ಬ್ರಷ್ಷಿನಿಂದ ಮಣ್ಣು ಬಿಡಿಸುತ್ತಿದ್ದಂತೆ ಅಕ್ಷರಗಳು ಕಾಣುತ್ತವೆ. ಹೀಬ್ರೂ ಅಕ್ಷರ. ಬಲದಿಂದ ಎಡಕ್ಕೆ ಬೆರಳಾಡಿಸಿ ಅವರು ಓದುತ್ತಾರೆ: "ರೇನಾ... ಯಾಕೋವನ ಮಗಳು." ಮತ್ತೆ ಕಲ್ಲಿಗೇ ಹೇಳುತ್ತಾರೆ: "ಏಳಮ್ಮಾ ರೇನಾ, ಬೆಳಗಾಯ್ತು."

"ಸತ್ತೋರ ಹತ್ರ ಇಷ್ಟು ನಯವಾಗಿ ಮಾತಾಡ್ತೀರ, ನನಗೆ ಮಾತ್ರ ಬೈಗಳ," ಎಂದು ಅಗ್ರೋನ್ ಗೊಣಗುತ್ತಾನೆ.

"ಅವರು ಸಿಮೆಂಟು ಚೆಲ್ಲಲ್ಲ ಕಣೋ."

ಐವತ್ತೊಂಬತ್ತರ ಎವಾಂಥಿಯಾ ನೆಲಹಾಸಿನ ಮೇಸ್ತ್ರಿ. ದಿನಕ್ಕೆ ಹತ್ತು ಹನ್ನೆರಡು ಚದರ ಮೀಟರು ಕಲ್ಲು ಹಾಸುವುದು ಅವರ ಹೊಟ್ಟೆಪಾಡು. ಹಳೆಯ ನೆಲ ಕೀಳುವಾಗ ಕೆಳಮುಖವಾಗಿ ಬಿದ್ದಿರುವ ಯಹೂದಿ ಗೋರಿಕಲ್ಲು ಸಿಕ್ಕರೆ, ಅದನ್ನು ಒಡೆಯದೆ ಎತ್ತಿ, ತೊಳೆದು, ಸ್ತಾವ್ರೂಪೋಲಿಯಲ್ಲಿರುವ ಈಗಿನ ಯಹೂದಿ ಸ್ಮಶಾನಕ್ಕೆ ಮುಟ್ಟಿಸುವುದು ಯಾರೂ ಹೇಳದೆ ಹೊತ್ತುಕೊಂಡ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ನೂರ ನಲವತ್ತೆರಡು ಕಲ್ಲು. ಇವತ್ತಿನ ರೇನಾ ಸೇರಿದರೆ ನೂರ ನಲವತ್ತಮೂರು. ಕೆಲವು ಐವತ್ತು ಕಿಲೋ, ಕೆಲವು ಅದರ ಎರಡರಷ್ಟು.

ಈ ಕಲ್ಲುಗಳು ಇಲ್ಲಿಗೆ ಬಂದದ್ದು ಹೇಗೆಂದು ಊರಿನ ಹಿರಿಯರಿಗೆಲ್ಲ ಗೊತ್ತು. 1942ರ ಡಿಸೆಂಬರಿನಲ್ಲಿ, ಜರ್ಮನ್ ಸೇನೆ ಊರನ್ನು ಆಳುತ್ತಿದ್ದಾಗ, ಶತಮಾನಗಳ ಯಹೂದಿ ಸ್ಮಶಾನವನ್ನು ಕೆಡವಿದರು. ಲಕ್ಷಾಂತರ ಗೋರಿಗಳ ಅಮೃತಶಿಲೆ ಕಟ್ಟಡದ ಸಾಮಾನಾಯಿತು. ಮುಂದಿನ ಮಾರ್ಚಿನಿಂದ ಬದುಕಿದ್ದವರನ್ನೂ ರೈಲಿಗೆ ತುಂಬಿದರು. ಆಗಸ್ಟಿನ ಹೊತ್ತಿಗೆ ನಲವತ್ತೈದು ಸಾವಿರಕ್ಕೂ ಹೆಚ್ಚು ಜನ ಆಶ್ವಿಟ್ಸ್ ಸಾವಿನ ಶಿಬಿರಕ್ಕೆ ಹೋಗಿದ್ದರು. ಹಿಂದಿರುಗಿದವರು ತೀರಾ ಕಡಿಮೆ. ಗೋರಿಕಲ್ಲುಗಳು ಮಾತ್ರ ಇಲ್ಲೇ ಉಳಿದವು. ಅಂಗಳದಲ್ಲಿ, ಬಚ್ಚಲಲ್ಲಿ, ಮೆಟ್ಟಿಲಲ್ಲಿ.

ಎವಾಂಥಿಯಾ ಕೈಗೆ ಸಿಕ್ಕ ಮೊದಲ ಕಲ್ಲು ಇಡಿಯಾಗಿ ಉಳಿಯಲಿಲ್ಲ. 2005ರಲ್ಲಿ ಹೆಂಡದಂಗಡಿಯೊಂದರ ನೆಲಮಾಳಿಗೆಯಲ್ಲಿ ಆತುರಕ್ಕೆ ಸುತ್ತಿಗೆ ಬೀಸಿದರು. ಕಲ್ಲು ಎರಡು ಹೋಳಾಯಿತು. ತಿರುಗಿಸಿದಾಗ ಅಕ್ಷರ. ಅದನ್ನು ಓದಬಲ್ಲವರೆಂದು ಅವರಿಗೆ ಗೊತ್ತಿದ್ದದ್ದು ಒಬ್ಬರೇ, ಮಾರುಕಟ್ಟೆಯಲ್ಲಿ ಗುಂಡಿ ಮತ್ತು ದಾರ ಮಾರುತ್ತಿದ್ದ ಮೆಂತೆಸ್ ಬುರ್ಲಾ. ಎರಡು ಹೋಳನ್ನೂ ತಳ್ಳುಗಾಡಿಯಲ್ಲಿ ಹಾಕಿಕೊಂಡು ಅಂಗಡಿಗೆ ಹೋದರು.

"ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದ್ರು," ಎಂದು ನೆನೆಯುತ್ತಾರೆ ಎವಾಂಥಿಯಾ. "ಆಮೇಲೆ ಹೇಳಿದ್ರು, 'ಎಂಟು ವರ್ಷದ ಹುಡುಗ ಇವನು. ಸರಿಯಾಗಿ ಹೆಸರಿನ ನಡುವೆ ಒಡೆದಿದೀಯ.' ನನಗೆ ಅಳು ತಡೆಯಕ್ಕಾಗ್ಲಿಲ್ಲ. 'ಅತ್ತು ಏನು ಮಾಡ್ತೀಯ? ಅಂಟಿಸೋಕೆ ಬರುತ್ತಾ?' ಅಂದ್ರು. ಬರುತ್ತೆ ಅಂದೆ. 'ಹಾಗಾದ್ರೆ ಹೋಗಿ ಅಂಟಿಸು.'"

ಅಂಟಿಸಿದರು. ಆ ಚಳಿಗಾಲವಿಡೀ ಕೆಲಸ ಮುಗಿಸಿ ಗುಂಡಿಯಂಗಡಿಗೆ ಹೋಗಿ ಅಕ್ಷರಾಭ್ಯಾಸ ಮಾಡಿದರು. "ಕೋಳಿ ಕೆದರಿದ ಹಾಗೆ ಬರೀತಿದ್ಲು," ಎಂದು ಎಂಬತ್ತಾರರ ಮೆಂತೆಸ್ ಈಗಲೂ ಛೇಡಿಸುತ್ತಾರೆ. "ಓದೋದು ಮಾತ್ರ ಚೆನ್ನಾಗಿ ಕಲಿತ್ಲು. ಕಲ್ಲು ಸುಳ್ಳು ಹೇಳಲ್ಲ ನೋಡಿ, ಗಮನ ಇಟ್ಟು ಓದ್ತಾಳೆ."

ಐದು ವರ್ಷದವರಿದ್ದಾಗ ಮೆಂತೆಸ್‌ರನ್ನು ಬೆಟ್ಟದೂರಿನ ಕುರಿಗಾಹಿ ಕುಟುಂಬವೊಂದು ತಮ್ಮ ತಂಗಿಯ ಮಗನೆಂದು ಹೇಳಿಕೊಂಡು ಬಚ್ಚಿಟ್ಟು ಸಾಕಿತ್ತು. ತಾಯಿ, ಅಜ್ಜ, ಅಜ್ಜಿ ರೈಲಿನಲ್ಲಿ ಹೋದರು. ಯುದ್ಧ ಮುಗಿದು ಊರಿಗೆ ಬಂದು ಶಾಲೆಗೆ ಸೇರಿದ ಮೊದಲ ದಿನ ಪಕ್ಕದಲ್ಲಿ ಕೂತ ಹುಡುಗ ಕೇಳಿದನಂತೆ, "ನೀವಿನ್ನೂ ಉಳಿದಿದೀರಾ?" ಅವನ ದನಿಯಲ್ಲಿ ಕೋಪವಿರಲಿಲ್ಲ, ಬರೀ ಆಶ್ಚರ್ಯವಿತ್ತು. "ಅದು ಅವನ ಮಾತಲ್ಲ," ಎನ್ನುತ್ತಾರೆ ಮೆಂತೆಸ್. "ಮನೆಯಲ್ಲಿ ಊಟದ ಹೊತ್ತಿಗೆ ಕಿವಿಗೆ ಬಿದ್ದದ್ದು. ದ್ವೇಷ ಅನ್ನೋದು ಮಕ್ಕಳಿಗೆ ಹಾಗೇ ಸಿಗುತ್ತೆ, ರೊಟ್ಟಿ ಜೊತೆ."

ರೊಟ್ಟಿ ಜೊತೆ ಸಿಕ್ಕದ್ದು ಇನ್ನೂ ಖರ್ಚಾಗಿಲ್ಲ. ಕಾಫಿಯಂಗಡಿಯಲ್ಲಿ ಎವಾಂಥಿಯಾ ಕಂಡರೆ ಕೆಲವರು ಕೆಣಕುತ್ತಾರೆ: "ಏನಮ್ಮಾ, ಯಹೂದಿಗಳು ಒಂದು ಕಲ್ಲಿಗೆ ಎಷ್ಟು ಕೊಡ್ತಾರೆ?" ಇವರ ಉತ್ತರ ಸಿದ್ಧವಿರುತ್ತದೆ: "ನಿಮ್ಮಜ್ಜನ ಗೋರಿಕಲ್ಲು ತಂದು ಯಾರಾದ್ರೂ ಬಚ್ಚಲಿಗೆ ಹಾಸಿದ್ರೆ, ಎಷ್ಟು ತಗೊಂಡು ಸುಮ್ಮನಿರ್ತೀಯ ಹೇಳು." ಒಮ್ಮೆ ವ್ಯಾನಿನ ಬಾಗಿಲಿಗೆ ಯಾರೋ ನಾಜಿಗಳ ಸ್ವಸ್ತಿಕ ಬಳಿದು ಹೋಗಿದ್ದರು. ಎವಾಂಥಿಯಾ ಥಿನ್ನರಿನಲ್ಲಿ ಒರೆಸಿ, ಇಪ್ಪತ್ತು ನಿಮಿಷ ತಡವಾಗಿ ಕೆಲಸಕ್ಕೆ ಹೋದರು. "ಅಗ್ರೋನ್ ಪೊಲೀಸಿಗೆ ಹೇಳೋಣ ಅಂದ. ಹೇಳಿದ್ವಿ. ಆದ್ರೆ ಅವರು ಬರೋ ತನಕ ಕಲೆಸಿಟ್ಟ ಗಾರೆ ಕಾಯುತ್ತಾ?"

ಮನೆ ಮಾಲೀಕನೊಬ್ಬ ಕಲ್ಲು ಎತ್ತಲೇ ಬಿಡಲಿಲ್ಲ. "ಮೇಲೆ ಸಿಮೆಂಟು ಸುರಿ. ಇವತ್ತು ಕಲ್ಲು ಕೊಟ್ಟರೆ ನಾಳೆ ಬಂದು ಮನೆ ಕೇಳ್ತಾರೆ," ಎಂದ. ಎವಾಂಥಿಯಾ ಸಾಮಾನು ಕಟ್ಟಿಕೊಂಡು ಹೊರಟರು. ಮೂರನೆಯ ದಿನ ಅವನು ಕರೆಸಿದ ಹೊಸ ಮೇಸ್ತ್ರಿಯಿಂದಲೇ ಫೋನು ಬಂತು: "ಮೇಸ್ತ್ರಿ, ನಿಮ್ಮ ಥರದ್ದು ಒಂದು ಸಿಕ್ಕಿದೆ. ಸಿಮೆಂಟು ಸುರಿ ಅಂತಾನೆ ಮಾಲೀಕ, ನನಗೆ ಕೈ ಬರ್ತಿಲ್ಲ. ಯಾವ ಕಡೆಯಿಂದ ಹಾರೆ ಹಾಕಲಿ?" ಇದನ್ನು ಹೇಳುವಾಗ ಎವಾಂಥಿಯಾ ಹೊಟ್ಟೆ ಹಿಡಿದು ನಗುತ್ತಾರೆ.

ನಗು ಬಾರದ ಒಂದು ಕಥೆಯೂ ಇದೆ. ಅದು ಅವರ ಸ್ವಂತ ಮನೆಯದು.

ಅವರ ಅಜ್ಜಿ 1922ರಲ್ಲಿ ಟರ್ಕಿಯ ದಡದ ಸ್ಮಿರ್ನಾದಿಂದ ಉಟ್ಟ ಬಟ್ಟೆಯಲ್ಲಿ ದೋಣಿ ಹತ್ತಿ ಬಂದ ನಿರಾಶ್ರಿತೆ. ನಮ್ಮ ಸತ್ತವರೆಲ್ಲ ಆ ದಡದಲ್ಲೇ ಉಳಿದರು ಎಂದು ಸಾಯುವವರೆಗೂ ಹಲುಬುತ್ತಿದ್ದರಂತೆ. ತಂದೆ ಅನೆಸ್ತಿಸ್ ನೆಲ ಹಾಸುವ ಕಸುಬು ಹಿಡಿದು ತೂಂಬಾ ಬಡಾವಣೆಯಲ್ಲಿ ಪುಟ್ಟ ಮನೆ ಕಟ್ಟಿದರು. 1961ರಲ್ಲಿ ಅಂಗಳಕ್ಕೆ ಒಂಬತ್ತು ಅಮೃತಶಿಲೆ ಹಾಸಿದರು. ಬಟ್ಟೆ ಒಗೆಯುವ ಜಾಗದ ಕಲ್ಲಿನ ಅಂಚಿನಲ್ಲಿ ಒಂದು ಕೊಂಕು ಗೆರೆ ಇತ್ತು. ಹುಡುಗಿ ಎವಾಂಥಿಯಾ ಕಾಲ್ಬೆರಳಿನಿಂದ ಅದನ್ನು ತಿದ್ದುತ್ತಿದ್ದಳು. "ಏನಪ್ಪಾ ಇದು?" ಎಂದರೆ, "ಕಲ್ಲಿನ ನರ," ಎಂದು ತಂದೆ ಎದ್ದು ಹೋಗುತ್ತಿದ್ದರು.

ಅಕ್ಷರ ಕಲಿತ ಮೇಲೆ ಆ ನರ ಒಂದು ಹೀಬ್ರೂ ಅಕ್ಷರವೆಂದು ಎವಾಂಥಿಯಾಗೆ ಗೊತ್ತಾಯಿತು. ತಂದೆ ಆಗಲೇ ತೀರಿಕೊಂಡಿದ್ದರೂ ತಾಯಿ ಇರುವವರೆಗೆ ಸುಮ್ಮನಿದ್ದರು. "ಬೇರೆಯವರ ಅಂಗಳ ಎಲ್ಲಾ ಅಗೆದೆ. ನಮ್ಮದರ ಮೇಲೆ ಕುರ್ಚಿ ಹಾಕ್ಕೊಂಡು ಕಾಫಿ ಕುಡಿದೆ. ಒಂಬತ್ತು ವರ್ಷ," ಎನ್ನುವಾಗ ಅವರ ದನಿ ತಗ್ಗುತ್ತದೆ. 2014ರಲ್ಲಿ ತಾಯಿ ತೀರಿಕೊಂಡರು. ಆ ಮನೆಯಲ್ಲಿ ವಾಸವಿದ್ದ ಅಣ್ಣ ಲಾಝರೋಸ್‌ಗೆ ವಿಷಯ ಹೇಳಿದಾಗ ಆತ ಮೇಜು ಗುದ್ದಿದರು.

"ಅಪ್ಪ ಗೋರಿ ಕದ್ದ ಅಂತ ಊರಿಗೆಲ್ಲ ಸಾರ್ತೀಯಾ?"

"ಅಪ್ಪ ಕಳ್ಳ ಅಲ್ಲ. ಕೈಲಿ ಕಾಸಿರಲಿಲ್ಲ, ಎಲ್ಲರೂ ತಂದ ಕಡೆಯಿಂದ ತಂದ. ಆದ್ರೆ ಅಕ್ಷರ ಕೆಳಗೆ ಮಾಡಿ ಯಾಕೆ ಹಾಸಿದ, ಹೇಳು? ಗೊತ್ತಿಲ್ಲದೋನು ಹಾಗೆ ಹಾಸ್ತಾನಾ?"

ತಂಗಿಗೂ ಮನೆಯಲ್ಲಿ ಪಾಲಿದ್ದರಿಂದ ಲಾಝರೋಸ್ ತಡೆಯಲಿಲ್ಲ. ನಾಲ್ಕು ದಿನದಲ್ಲಿ ಒಂಬತ್ತು ಕಲ್ಲು ಎದ್ದವು. ಒಂಬತ್ತರಲ್ಲೂ ಹೆಸರಿತ್ತು. ಅಲ್ಲಿಂದ ನಾಲ್ಕು ವರ್ಷ ಅಣ್ಣ ತಂಗಿಗೆ ಮಾತಿಲ್ಲ. ಈಸ್ಟರ್ ಹಬ್ಬಕ್ಕೂ ಒಂದು ಮನೆಯವರು ಇನ್ನೊಂದು ಮನೆಗೆ ಹೋಗಲಿಲ್ಲ.

2018ರ ಬೇಸಿಗೆಯಲ್ಲಿ ಪ್ಯಾರಿಸ್ಸಿನಿಂದ ಅಲೆಗ್ರಾ ಎಂಬ ಮಹಿಳೆ ಬಂದರು. ಸ್ಮಶಾನಕ್ಕೆ ಸೇರಿದ ಆ ಒಂಬತ್ತು ಕಲ್ಲುಗಳಲ್ಲಿ ಒಂದು ಅವರ ಮುತ್ತಜ್ಜನದಾಗಿತ್ತು. ಕಲ್ಲು ಇಷ್ಟು ವರ್ಷ ಎಲ್ಲಿತ್ತೆಂದು ನೋಡಬೇಕು ಎಂದರು. ಎವಾಂಥಿಯಾ ಎದೆ ಗಟ್ಟಿ ಮಾಡಿಕೊಂಡು ಅಣ್ಣನ ಮನೆಗೆ ಕರೆದೊಯ್ದರು. ಬಾಗಿಲಲ್ಲಿ ನಿಂತ ಲಾಝರೋಸ್ ಇಬ್ಬರನ್ನೂ ನೋಡಿ ಒಳಗೆ ಹೋದರು. ಕದ ಹಾಕುತ್ತಾರೆ ಎಂದುಕೊಂಡರೆ ಕುರ್ಚಿ ಹಿಡಿದು ಹೊರಬಂದರು. ಬೆನ್ನಿಗೇ ಕಾಫಿ, ತಟ್ಟೆಯಲ್ಲಿ ಸಕ್ಕರೆಪಾಕದ ಚೆರ್ರಿ.

ಯಾವ ಜಾಗ ಎಂದು ಅಲೆಗ್ರಾ ಕೇಳಿದರು. ಲಾಝರೋಸ್ ಮೊದಲು ಕಾಲಿನಿಂದ ತೋರಿಸಲು ಹೊರಟು, ತಡೆದು, ಬಗ್ಗಿ ಕೈಯಿಂದ ಮುಟ್ಟಿ ತೋರಿಸಿದರು.

"ಇಲ್ಲಿ ಗೋಲಿ ಆಡ್ತಿದ್ವಿ ತಾಯಿ. ನಮಗೆ ಗೊತ್ತಿರಲಿಲ್ಲ," ಎಂದರು. ಆ ಜಾಗದಿಂದ ಕೈ ತೆಗೆಯದೆಯೇ, "ನನಗೆ ಒಂಚೂರು ಗೊತ್ತಿತ್ತು," ಎಂದರು.

ಅಲೆಗ್ರಾ ಚೆರ್ರಿಯ ತಟ್ಟೆ ಖಾಲಿ ಮಾಡಿಯೇ ಎದ್ದರು. ಮರುವಾರ ಎವಾಂಥಿಯಾ ಸ್ಮಶಾನಕ್ಕೆ ಕಲ್ಲು ಸಾಗಿಸುವಾಗ ವ್ಯಾನಿನ ಸ್ಟೀರಿಂಗ್ ಹಿಡಿದದ್ದು ಲಾಝರೋಸ್. ಈಗಲೂ ಹಿಡಿಯುತ್ತಾರೆ. ಆ ದಿನದ ಮಾತು ಇಬ್ಬರೂ ಎತ್ತುವುದಿಲ್ಲ. ಹಿಂದೆ ಕಲ್ಲು ಇದೆ ಮೆಲ್ಲಗೆ ಓಡಿಸು ಎಂದು ತಂಗಿ, ನನಗೆ ಗೊತ್ತು ಬಾಯಿ ಮುಚ್ಚು ಎಂದು ಅಣ್ಣ.

ಎವಾಂಥಿಯಾ ಅವರ ಮಂಡಿ ಸವೆದಿದೆ. ಇನ್ನು ಐದು ವರ್ಷಕ್ಕಿಂತ ಹೆಚ್ಚು ನೆಲದ ಕೆಲಸ ಬೇಡವೆಂದು ವೈದ್ಯರು ಹೇಳಿದ್ದಾರೆ. ಸನ್ಮಾನ, ಶಾಲು, ಭಾಷಣ ಯಾವುದೂ ಅವರಿಗೆ ಬೇಕಿಲ್ಲ. ಕಟ್ಟಡ ಕೆಲಸ ಕಲಿಸುವ ಕಡೆ ಒಂದೇ ಒಂದು ಗಂಟೆ ಪಾಠ ಮಾಡಲು ಬಿಟ್ಟರೆ ಸಾಕಂತೆ. ಏನು ಕಲಿಸುತ್ತೀರಿ ಎಂದರೆ, "ಹಳೇ ಕಲ್ಲು ಒಡೆಯೋ ಮುಂಚೆ ತಿರುಗಿಸಿ ನೋಡಿ ಅಂತ. ಅಷ್ಟಕ್ಕೆ ಒಂದು ಗಂಟೆ ಜಾಸ್ತಿನೇ ಆಯ್ತು."

ತಂದೆಯ ಮೇಲೆ ಸಿಟ್ಟಿದೆಯೇ ಎಂದು ಕೇಳಿದರೆ ಅವರು ಗಾರೆ ಹತ್ತಿದ ಕೈಯನ್ನು ಒಮ್ಮೆ ನೋಡಿಕೊಳ್ಳುತ್ತಾರೆ.

"ಇದೆ. ಯಾಕಿರಲ್ಲ? ಆದ್ರೆ ನಮ್ಮಪ್ಪ ಹಾಸಿದ ಕಲ್ಲು ಅಂದ್ರೆ ಸುಮ್ಮನೆ ಅಲ್ಲ ಸ್ವಾಮಿ. ಈ ಊರಲ್ಲಿ ಅವರಷ್ಟು ಬಿಗಿಯಾಗಿ ಕೂರಿಸೋರು ಯಾರೂ ಇರಲಿಲ್ಲ. ಅಂಥ ಒಂಬತ್ತು ಕಲ್ಲು ಎತ್ತಿದೀನಿ. ಒಂದರ ಮೂಲೆಯೂ ಮುಕ್ಕಾಗಿಲ್ಲ."