ಇನ್ನೂ ಇಲ್ಲ

ಕಡಲ ನೀರಿನಲ್ಲಿ ಹೊಸ ಬ್ಯಾಕ್ಟೀರಿಯಾ ಹುಡುಕಿ ಅವುಗಳ ಕುಲಗೋತ್ರ ಬರೆಯುವುದು ನಮ್ಮ ಭಾವನ ಕಸುಬು. ಮದುವೆಮನೆಯಲ್ಲೂ ಊಟಕ್ಕೆ ಮೊದಲು ಯಾರು ಯಾರ ಪೈಕಿ ಎಂದು ವಿಂಗಡಿಸಿ ಮುಗಿಸುತ್ತಾರೆ. ಬ್ಯಾಕ್ಟೀರಿಯಾ ಬೆಳೆಸಲು ಇಟ್ಟು ಏನೂ ಬೆಳೆಯದ ಗಾಜಿನ ತಟ್ಟೆಯನ್ನು ಪ್ರಯೋಗಾಲಯದ ಉಳಿದವರು ವಾರಕ್ಕೇ ಎಸೆದರೆ, ಇವರು ಮುಚ್ಚಳದ ಮೇಲೆ ‘ಇನ್ನೂ ಇಲ್ಲ’ ಎಂದು ಬರೆದು ತಿಂಗಳುಗಟ್ಟಲೆ ಕಾಯುತ್ತಾರೆ. ಹಾಗೆ ಕಾದೇ ಎರಡು ಹೊಸ ಪ್ರಭೇದ ಸಿಕ್ಕಿವೆ. “ನನ್ನ ತಮ್ಮನಿಗೆ ಬುದ್ಧಿ ಬಂತೇನ್ರೀ?” ಎಂದು ಅಕ್ಕ ಕೇಳಿದರೆ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇನ್ನೂ ಇಲ್ಲ ಕಣೇ” ಎನ್ನುತ್ತಾರೆ. ನಾಲ್ಕು ತುಂಬಿದರೂ ಬಾಯಿ ಬಿಡದ ಭಾವನ ಮಗಳನ್ನು ತೋರಿಸಿ ನೆಂಟರು, “ಮಾತು ಬರಲ್ವಾ?” ಎಂದಾಗಲೂ ಅದೇ ಉತ್ತರ, ಆದರೆ ಆಗ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮೊನ್ನೆ ಆ ಕನ್ನಡಕ ಎಳೆದು ಮಗಳು “ಅಪ್ಪ” ಎಂದಳು. ಭಾವ ನೆಟ್ಟಗೆ ಪ್ರಯೋಗಾಲಯಕ್ಕೆ ಹೋಗಿ, ಬೇರೆಯವರು ಎಸೆಯಲೆಂದು ತೆಗೆದಿಟ್ಟಿದ್ದ ತಟ್ಟೆಗಳನ್ನೆಲ್ಲ ತಮ್ಮ ಕಪಾಟಿಗೆ ಸೇರಿಸಿ, ಒಂದೊಂದರ ಮೇಲೂ ಅದೇ ಎರಡು ಪದ ಬರೆದರು.